ಒಂದು ಹೊತ್ತಿನ ಜೋಳಿಗೆ

ಕ್ಷೇತ್ರದರ್ಶನ ಮಾಡಿ ಬಂದವರು ಅದರ ಫಲವನ್ನು ನಾಲ್ವರಿಗೆ ಹೇಳುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಕಳೆದ ಶ್ರಾವಣ ಮಾಸದಲ್ಲಿ ನಾವು ಮನೆಮಂದಿಯೊಡನೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಸೀಮೆಗಳಲ್ಲಿ ನಾಲ್ಕು ದಿನ ಸಂಚರಿಸಿ ಬಂದೆವು. ಶರಣರ ನೆಲೆಗಳನ್ನು ಕಂಡೆವು, ಗದ್ದುಗೆಗಳಿಗೆ ಮಣಿದೆವು, ಪ್ರಸಾದ ಸ್ವೀಕರಿಸಿದೆವು. ಆ ಸಂತೋಷವನ್ನು ಈ ಪುಟಗಳಲ್ಲಿ ಹಂಚಿಕೊಳ್ಳಬೇಕೆಂದೇ ಲೇಖನಿ ಹಿಡಿದೆವು. ಆದರೆ ಬರೆಯಲು ಕುಳಿತಾಗ ಕಣ್ಣಮುಂದೆ ಮೊದಲು ಬಂದು ನಿಂತದ್ದು ದನದ ಕೊಟ್ಟಿಗೆಯ ಸೂರಿನಲ್ಲಿ ಬೋರಲು ಹಾಕಿದ್ದ ಒಂದು ಲೋಟ. ಆ ಲೋಟದವರೆಗೆ ನಮ್ಮನ್ನು ಕರೆದೊಯ್ದ ದಾರಿಯನ್ನು ಇದ್ದದ್ದು ಇದ್ದಂತೆಯೇ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೂರು ತಾಲ್ಲೂಕು, ಎರಡು ನದಿ

ಈ ಮೂರೂ ಊರುಗಳು ಕಲಬುರಗಿ ಜಿಲ್ಲೆಯವು. ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು ೪೦ ಕಿ.ಮೀ. ಸಾಗಿದರೆ ಆಳಂದ, ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಜೇವರ್ಗಿ, ಪಶ್ಚಿಮಕ್ಕೆ ಭೀಮೆಯ ದಂಡೆಗುಂಟ ಅಫಜಲಪುರದ ಸೀಮೆ. ಇವನ್ನು ಒಂದೇ ದಾರದಲ್ಲಿ ಪೋಣಿಸಿದವು ಎರಡು ನದಿಗಳು. ಆಳಂದ ತಾಲ್ಲೂಕಿನಲ್ಲಿ ಹರಿದು, ಕೋರಳ್ಳಿಯ ಬಳಿ ಅಣೆಕಟ್ಟಿನಲ್ಲಿ ತಂಗಿ, ಮುಂದೆ ಸಾಗುವ ಅಮರ್ಜೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ. ಮಹಾರಾಷ್ಟ್ರದಿಂದ ಬರುವ ಭೀಮೆಯು ಜೇವರ್ಗಿಯ ಎರೆಭೂಮಿಯನ್ನು ಸವರಿಕೊಂಡು ಕೃಷ್ಣೆಯತ್ತ ನಡೆಯುತ್ತಾಳೆ. ನಾವೂ ನೀರಿನ ದಾರಿಯನ್ನೇ ಹಿಡಿದು ಹೊರಟೆವು.

ಶ್ರಾವಣವಾದ್ದರಿಂದ ಕಣ್ಣು ಹರಿದಷ್ಟು ದೂರ ಕಪ್ಪು ಮಣ್ಣಿನ ಮೇಲೆ ತೊಗರಿಯ ಹಸುರು. ೨೦೧೯ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಇದೇ. ಸಾಲುಸಾಲಾಗಿ ಬಾಗಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ನಮ್ಮ ವಾಹನದ ಸದ್ದಿಗೆ ಒಮ್ಮೆ ತಲೆಯೆತ್ತಿ ಮತ್ತೆ ಬಾಗುತ್ತಿದ್ದರು. ನಮ್ಮ ಮನೆಯವರು, ಈ ನೆಲ ಎಷ್ಟು ಚೆಂದ ಎಂದರು. ನಾವೂ ಹೌದೆಂದೆವು. ಚೆಂದವೆನ್ನಿಸುವುದಕ್ಕೆ ನೆಟ್ಟಗೆ ಕುಳಿತು ನೋಡುವ ಬೆನ್ನು ಬೇಕೆಂಬುದು ಆಗ ಹೊಳೆಯಲಿಲ್ಲ.

ಈ ಭಾಗದವರಾದ ನಮಗೆ ಒಂದು ಹಳೆಯ ಅಳಲುಂಟು. ೧೯೪೮ರ ಸೆಪ್ಟೆಂಬರ್ ೧೭ರವರೆಗೆ ನಿಜಾಮನ ಆಡಳಿತದಲ್ಲಿ ಉಳಿದ ಸೀಮೆ ಇದು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿ ಕೊಟ್ಟಾಗ ರಾಜ್ಯದ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದವೆಂದೂ, ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವೆಂದೂ ಎಣಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ೩೯ರೊಳಗೆ ಸೇರಿದವು. ಮುಂದೆ ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನದ ೩೭೧ (ಜೆ) ವಿಧಿಯ ಆಸರೆ ದೊರೆಯಿತು. ಆ ಹೋರಾಟದ ಸಭೆಗಳಲ್ಲಿ ನಾವೂ ಕುಳಿತವರು, ಎದ್ದು ನಿಂತು ಮಾತನಾಡಿದವರು. "ನಮ್ಮ ಬಿಸಿಲು, ನಮ್ಮ ಬರ ಬೆಂಗಳೂರಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ" ಎಂದು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಆ ಮಾತು ನಿಜವೇ. ಆದರೆ ಹಿಂದುಳಿದ ತಾಲ್ಲೂಕಿನಲ್ಲಿಯೂ ಮುಂದಿರುವವರು ಕೆಲವರಿರುತ್ತಾರೆ. ಅವರ ಕುರಿತು ಇದೇ ಮಾತನ್ನು ಹೇಳಬಲ್ಲವರೂ ಇರುತ್ತಾರೆ. ಇದನ್ನು ಅರಿಯಲು ನಾವು ನಾಲ್ಕು ದಿನ ತಿರುಗಬೇಕಾಯಿತು.

ಆಳಂದ: ಒಂದು ಕಥೆ, ಎರಡು ಮನೆ

ಆಳಂದವೆಂದೊಡನೆ ನಮ್ಮವರಿಗೆ ನೆನಪಾಗುವವನು ಏಕಾಂತದ ರಾಮಯ್ಯ. ಪುರುಷೋತ್ತಮ ಭಟ್ಟನೆಂಬ ಶೈವ ಬ್ರಾಹ್ಮಣನ ಮಗನಾಗಿ ಈ ಅಲಂದೆಯಲ್ಲಿ ಹುಟ್ಟಿದವನೆಂದು ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಹೇಳುತ್ತದೆ. ಅಬ್ಬಲೂರಿನ ಜೈನರೊಡನೆ ಪಂಥ ಕಟ್ಟಿ, ತನ್ನ ಶಿರವನ್ನು ತಾನೇ ಅರಿದು ಶಿವನಿಗೆ ಅರ್ಪಿಸಿ, ಏಳು ದಿನಗಳ ನಂತರ ಮತ್ತೆ ಪಡೆದನೆಂಬುದು ಅಲ್ಲಿ ಕೆತ್ತಿದ ವೃತ್ತಾಂತ. ಸೋತವರು ಮಾತಿಗೆ ತಪ್ಪಿದಾಗ ಅವರ ಜಿನಬಿಂಬವನ್ನು ಭಂಗಿಸಿದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಶಾಸನ ಸಾರುತ್ತದೆ. ಹರಿಹರನು ಈ ಶರಣನ ಮೇಲೆ ರಗಳೆ ರಚಿಸಿದ್ದಾನೆ.

ಆಳಂದದಲ್ಲಿ ನಮ್ಮ ಶಾಲಾದಿನಗಳ ಗೆಳೆಯರೊಬ್ಬರ ಮನೆಯಲ್ಲಿ ಅಂದಿನ ಊಟ. ಅವರು ಜೈನರು. ಊರಿನ ಹಿರಿಮೆಯನ್ನು ಮೊಮ್ಮಗನಿಗೆ ತಿಳಿಸಬೇಕೆಂಬ ಉತ್ಸಾಹದಲ್ಲಿ ಅವರ ಪಡಸಾಲೆಯಲ್ಲಿಯೇ ಕುಳಿತು ರಾಮಯ್ಯನ ಕಥೆಯನ್ನು ನಾವು ಆದಿಯಿಂದ ಅಂತ್ಯದವರೆಗೆ ಹೇಳಿದೆವು. ಶಿರವನ್ನರಿದ ಪ್ರಸಂಗ ಬಂದಾಗ ಹುಡುಗ ಕಣ್ಣರಳಿಸಿದ. ಬಿಂಬ ಒಡೆದ ಪ್ರಸಂಗವನ್ನೂ ಅದೇ ಭರದಲ್ಲಿ ಹೇಳಿ ಮುಗಿಸಿದೆವು. ಗೆಳೆಯರು ನಸುನಗುತ್ತ ಕೇಳುತ್ತಿದ್ದರು. ಊಟ ಮುಗಿಸಿ ಹೊರಬಂದಾಗ ವಾಹನದವರೆಗೆ ನಡೆದು ಬಂದು ಮೆಲ್ಲಗೆ ಹೇಳಿದರು:

"ಈ ಕತಿ ನಾನೂ ಸಣ್ಣಾವಿದ್ದಾಗ ಸಾಲ್ಯಾಗ ಕೇಳೀನಿ. ಎಲ್ಲರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಮನಿಗಿ ಬಂದು ನಮ್ಮವ್ವನ ಮುಂದ ಮಾತ್ರ ಹೇಳಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾವು ಕ್ಷಮೆ ಕೇಳಿ ಹಗುರಾಗಬಹುದಿತ್ತು. ಐವತ್ತು ವರ್ಷಗಳಿಗೆ ಮಿಕ್ಕ ಸ್ನೇಹ ನಮ್ಮದು. ಹಬ್ಬಕ್ಕೆ ಹೋಳಿಗೆ ಹೋಗಿದೆ, ಮದುವೆಗೆ ಮುಯ್ಯಿ ಬಂದಿದೆ. ಆ ಶಾಲೆಯಲ್ಲಿ ಅದೇ ಬೆಂಚಿನ ಮೇಲೆ ಅವರ ಮಗ್ಗುಲಲ್ಲಿ ಕುಳಿತು ಚಪ್ಪಾಳೆ ಹೊಡೆದವರು ನಾವೇ ಇದ್ದಿರಬೇಕು. ಅಷ್ಟು ಹತ್ತಿರದಲ್ಲಿದ್ದೂ ಆ ಹುಡುಗನು ಮನೆಗೆ ಹೋಗಿ ತಾಯಿಯ ಮುಂದೆ ನುಂಗಿಕೊಂಡ ಮಾತು ನಮಗೆ ಕೇಳಿಸಿರಲಿಲ್ಲ. ರಾಮಯ್ಯನ ಮೇಲಿನ ನಮ್ಮ ಭಕ್ತಿ ಇದರಿಂದ ಕುಂದಲಿಲ್ಲ. ಆದರೆ ಬಹುಜನರು ಹೇಳುವ ಕಥೆಯನ್ನು ಬಹುಜನರಾಗಿ ಕೇಳುವವರಿಗೆ ಅದರ ಒಂದು ಮುಖ ಮಾತ್ರ ಕಾಣುತ್ತದೆ. ಇನ್ನೊಂದು ಮುಖವಿರುವ ಮನೆ ನೆರೆಯಲ್ಲಿಯೇ ಇದ್ದರೂ ಅದು ಸೌಜನ್ಯದಿಂದ ಸುಮ್ಮನಿರುತ್ತದೆ. ಆ ಸೌಜನ್ಯವನ್ನೇ ನಾವು ಒಪ್ಪಿಗೆಯೆಂದು ಎಣಿಸಿಕೊಂಡು ಬಂದಿದ್ದೇವೆ.

ಅದೇ ಊರಿನಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಆಳಂದದ ಹೆಸರು ದೂರದ ಊರುಗಳಲ್ಲಿ ಪ್ರಸಿದ್ಧವಾದದ್ದು ಅದರಿಂದಲೂ ಹೌದು. ಹಿಂದೂಗಳೂ ಮುಸಲ್ಮಾನರೂ ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಅಂದು ಅದರ ಮುಂದೆ ಹಾದುಹೋಗುವಾಗ ನಾವು ಮೊಮ್ಮಗನಿಗೆ ಏನನ್ನೂ ವಿವರಿಸಲಿಲ್ಲ, ಸುಮ್ಮನೆ ಕೈಮುಗಿದೆವು.

ಗಾಣಗಾಪುರ: ಪಂಚ ಗೃಹ ಭಿಕ್ಷೆ

ಎರಡನೆಯ ದಿನ ಗಾಣಗಾಪುರ. ಅಮರ್ಜಾ ಮತ್ತು ಭೀಮೆಯರ ಸಂಗಮ, ಔದುಂಬರದ ನೆರಳು, ಶ್ರೀ ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳು. ದತ್ತ ಸಂಪ್ರದಾಯದ ಕ್ಷೇತ್ರವಾದರೂ ಈ ಸೀಮೆಯ ಎಲ್ಲ ಸಮಾಜಗಳ ಒಕ್ಕಲುಗಳೂ ಇಲ್ಲಿಗೆ ನಡೆದುಕೊಳ್ಳುತ್ತವೆ. ದತ್ತಾತ್ರೇಯನು ಇಲ್ಲಿ ನಿತ್ಯವೂ ಮಧ್ಯಾಹ್ನ ಯಾವುದಾದರೂ ರೂಪದಲ್ಲಿ ಭಿಕ್ಷೆಗೆ ಬರುವನೆಂಬ ನಂಬಿಕೆಯಿಂದ, ಬಂದ ಭಕ್ತರು ತಾವೂ ಜೋಳಿಗೆ ಹಿಡಿದು ಕನಿಷ್ಠ ಐದು ಮನೆಗಳಲ್ಲಿ ಬೇಡಿ ಉಣ್ಣುತ್ತಾರೆ. ಇದಕ್ಕೆ ಮಾಧುಕರಿ ಎಂದು ಹೆಸರು. ದುಂಬಿಯು ಹೂವಿನಿಂದ ಹೂವಿಗೆ ಹಾರಿ ಮಧುವನ್ನು ಕೂಡಿಸುವಂತೆ ಎಂಬುದು ಅದರ ಅರ್ಥ. ಅಹಂಕಾರ ಕಳೆಯಲಿಕ್ಕೆ ಇದಕ್ಕಿಂತ ಸುಲಭವಾದ ಸಾಧನ ಬೇರಿಲ್ಲವೆಂದು ಹಿರಿಯರು ಹೇಳುತ್ತಾರೆ. ನಮ್ಮ ಜಂಗಮ ಪರಂಪರೆಯಲ್ಲಿಯೂ ಕಂತಿ ಭಿಕ್ಷೆಯುಂಟಷ್ಟೆ. ಆದ್ದರಿಂದ ಮನಸ್ಸು ಹಿಂಜರಿಯಲಿಲ್ಲ.

ಗುಡಿಯ ಬೀದಿಯಲ್ಲಿ ಹೊಸ ಜೋಳಿಗೆ ಕೊಂಡೆವು. ವಾಹನವನ್ನು ನೆರಳು ನೋಡಿ ನಿಲ್ಲಿಸಿದೆವು. ಮೊದಲ ಮನೆಯ ಮುಂದೆ ನಿಂತಾಗ ಬಾಯಿ ಕಟ್ಟಿತು. ಮೂವತ್ತೈದು ವರ್ಷ ನೌಕರಿ ಮಾಡಿ ನಿವೃತ್ತರಾದವರಿಗೆ 'ಭಿಕ್ಷೆ' ಎಂಬ ಎರಡಕ್ಷರ ಗಂಟಲಿನಿಂದ ಹೊರಡಲಿಲ್ಲ. ಎರಡನೆಯ ಮನೆಗೆ ದನಿ ಬಂತು. ಮೂರನೆಯದರಲ್ಲಿ ಸಲೀಸಾಯಿತು. ಐದು ಮನೆ ಮುಗಿಸಿ ಮರದಡಿಯಲ್ಲಿ ಕುಳಿತು ರೊಟ್ಟಿ, ಪಲ್ಯ, ಅನ್ನ ಉಣ್ಣುವಾಗ ಕಣ್ಣು ತುಂಬಿದ್ದು ಸುಳ್ಳಲ್ಲ. "ಬೇಡುವುದೆಂದರೆ ಏನೆಂದು ಇಂದು ಅರಿವಾಯಿತು" ಎಂದು ಮನೆಯವರಿಗೆ ಹೇಳಿದೆವು.

ಮೊಮ್ಮಗ ಕಾಲೇಜು ಓದುವವನು, ಮಾತು ಕಡಿಮೆ. ಉಂಡು ಕೈತೊಳೆಯುವಾಗ ಅವನು ಕೇಳಿದ: "ಅಜ್ಜ, ನಮಗೆ ಯಾರೂ ಇಲ್ಲ ಅನ್ನಲಿಲ್ಲವಲ್ಲ?"

ಆಗ ನೆನಪಾಯಿತು. ನಾಲ್ಕನೆಯ ಮನೆಯ ಮುಂದೆ ನಮ್ಮ ಹಿಂದೆಯೇ ಒಬ್ಬ ಮುದುಕಿ ನಿಂತಿದ್ದಳು. ಅವಳದು ಹರಕೆಯ ಜೋಳಿಗೆಯಲ್ಲ, ನಿತ್ಯದ ಜೋಳಿಗೆ. ಮನೆಯಾಕೆ ನಮಗೆ ಬಿಸಿ ರೊಟ್ಟಿಯನ್ನು ಎರಡೂ ಕೈಗಳಿಂದ ಹಾಕಿ, ನಮಸ್ಕರಿಸಿ, ಆ ಮುದುಕಿಗೆ "ನೀ ಆಮ್ಯಾಲ ಬಾ" ಎಂದು ಕದ ಮುಂದೆ ಮಾಡಿದಳು. ನಾವು ಅದನ್ನು ಕಂಡೂ ಕಂಡಿರಲಿಲ್ಲ. ಆ ಮನೆಯಾಕೆಯನ್ನು ದೂರುವುದಿಲ್ಲ. ದಿನವೂ ಬೇಡುವವರಿಗೆ ದಿನವೂ ಕೊಡುವುದು ಯಾವ ಮನೆಯಿಂದಲೂ ಆಗದ ಮಾತು. ನಮ್ಮ ಮೈಮೇಲಿನ ಮಡಿಬಟ್ಟೆ, ಮುಖದ ಮೇಲಿನ ವಿಭೂತಿ, ಮೂಲೆಯಲ್ಲಿ ಕಾಯುತ್ತಿದ್ದ ವಾಹನ ಇವೆಲ್ಲ ನಮಗಿಂತ ಮೊದಲೇ ಆಕೆಯೊಡನೆ ಮಾತನಾಡಿದ್ದವು. ದತ್ತನು ಯಾವ ರೂಪದಲ್ಲಿಯಾದರೂ ಬರಬಹುದೆಂದು ನಂಬಿದ ಓಣಿಯಲ್ಲಿಯೂ ಅವನು ನಮ್ಮಂಥವರ ರೂಪದಲ್ಲಿ ಬರುವುದೇ ಹೆಚ್ಚು ಸಂಭವವೆಂದು ತೋರುತ್ತದೆ!

ಒಂದೇ ಓಣಿ, ಒಂದೇ ಹೊತ್ತು, ಒಂದೇ ಬಗೆಯ ಜೋಳಿಗೆ. ಆದರೆ ಬೇಡುವುದರ ತಿರುಳು 'ಇಲ್ಲ' ಎಂಬ ಮಾತಿನಲ್ಲಿದೆ. ನಾಳೆಯೂ ಬೇಡಬೇಕೆಂಬ ಅರಿವಿನಲ್ಲಿದೆ. ನಮ್ಮ ಭಿಕ್ಷೆಯಲ್ಲಿ ಇವೆರಡೂ ಇರಲಿಲ್ಲ. ಅದನ್ನು ಆರಂಭಿಸಿದವರು ನಾವೇ, ಮುಗಿಸಿದವರೂ ನಾವೇ. ಮಾಧುಕರಿಯು ನಮ್ಮ ಅಹಂಕಾರವನ್ನು ಒಂದಿಷ್ಟು ಕಳೆದಿರಬಹುದು. ಅದು ಅದರ ಕೆಲಸ. ಹಸಿದವರ ಒಡಲನ್ನು ಅರಿಯುವುದು ಅದರಿಂದ ಆಗುವ ಕೆಲಸವಲ್ಲ. ನಾವು ಎರಡನ್ನೂ ಒಂದೇ ಎಂದು ತಿಳಿದೆವು. ಆ ತಿಳಿವಳಿಕೆಯಲ್ಲಿ ಹೋದ ಅಹಂಕಾರ ಬೇರೊಂದು ಬಾಗಿಲಿನಿಂದ ಒಳಗೆ ಬಂದು ಕುಳಿತಿತು.

ಘತ್ತರಗಿ: ನಾವು ಕಳಿಸಿದ ರೊಟ್ಟಿ

ಅಲ್ಲಿಂದ ಭೀಮೆಯ ದಂಡೆಗುಂಟ ಘತ್ತರಗಿಗೆ ಬಂದು ಶ್ರೀ ಭಾಗ್ಯವಂತಿಯ ದರ್ಶನ ಪಡೆದೆವು. ನದಿ ತುಂಬಿ ಹರಿಯುತ್ತಿತ್ತು. ೨೦೨೦ರ ಅಕ್ಟೋಬರಿನಲ್ಲಿ ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರಿಗೆ ಇದೇ ಭೀಮೆ ಉಕ್ಕಿ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಮುಳುಗಿಸಿದ್ದು ಓದುಗರಿಗೆ ನೆನಪಿರಬಹುದು. ಆಗ ಕಲಬುರಗಿಯ ನಮ್ಮ ಬಡಾವಣೆಯ ತಾಯಂದಿರು ಹಗಲಿರುಳು ಜೋಳದ ರೊಟ್ಟಿ ಬಡಿದು, ಶೇಂಗಾದ ಹಿಂಡಿಯೊಡನೆ ಕಟ್ಟಿ ಕಳಿಸಿದ್ದರು. ಹಳೆಯ ಬಟ್ಟೆಗಳ ಗಂಟುಗಳೂ ಹೋಗಿದ್ದವು. ಆ ಸೇವೆಯ ಹೆಮ್ಮೆ ನಮಗಿತ್ತು. ಕಾಯಿ ಕರ್ಪೂರ ಮಾರುವ ಹೆಣ್ಣುಮಗಳೊಬ್ಬಳ ಮುಂದೆ ಅದನ್ನು ಪ್ರಸ್ತಾಪಿಸಿದೆವು. ಅವಳು ಉಪಕಾರ ಸ್ಮರಿಸಿದಳು. ಆಮೇಲೆ ಹೇಳಿದಳು:

"ರೊಟ್ಟಿ ಬಂದ್ವು ಯಪ್ಪಾ, ಚಲೋ ಆತು. ಸಾಲಿ ಗುಡ್ಯಾಗ ಎಂಟ ದಿನಾ ಇದ್ದೆವು. ಹೆಣಮಕ್ಕಳು ಹೊರಗ ಹೋಗಬೇಕಂದ್ರ ಕತ್ತಲಾಗೂ ತನಾ ಹಿಡಕೊಂಡು ಕುಂದರೂದು. ಅದಕ್ಕ ಅಂಜಿ ನಾವು ರೊಟ್ಟಿ ತಿನ್ನಲಿಲ್ಲ, ಗಂಡಸರಿಗಿ ಕೊಟ್ಟೆವು."

ನಮ್ಮ ಮನೆಯವರು ಆ ಮಾತಿಗೆ ತಲೆ ತಗ್ಗಿಸಿದರು. ರೊಟ್ಟಿ ಬಡಿದವರಲ್ಲಿ ಅವರೂ ಒಬ್ಬರು. ಹೆಣ್ಣಾಗಿ ತನಗಾದರೂ ಹೊಳೆಯಬಾರದಿತ್ತೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡರು. ಏನು ಬೇಕೆಂದು ಕೇಳುವ ಮೊದಲೇ ಕೊಟ್ಟುಬಿಡುವುದು ಉಳ್ಳವರ ಉದಾರತೆ. ಅದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಪ್ರೀತಿಯು ಕೇಳಿಸಿಕೊಳ್ಳುವುದಕ್ಕೆ ಬದಲಿಯಾಗುವುದಿಲ್ಲ.

ಜೇವರ್ಗಿ: ಸೂರಿನಲ್ಲಿದ್ದ ಲೋಟ

ಮೂರನೆಯ ದಿನ ಜೇವರ್ಗಿ ಸೀಮೆಯನ್ನು ಹೊಕ್ಕೆವು. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ನೆಲೆಸಿ 'ಅಖಂಡೇಶ್ವರ' ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಮಠದಲ್ಲಿ ಬೆಳಗಿನ ಪೂಜೆ. ಕಲ್ಯಾಣದ ಶರಣರ ಕಾಲ ಕಳೆದು ಐದು ನೂರು ವರ್ಷಗಳಾದ ಮೇಲೆ ಮತ್ತೆ ವಚನದ ಸೊಲ್ಲನ್ನು ಹೊತ್ತಿಸಿದ ಪುಣ್ಯಭೂಮಿ ಅದು. ಮುಂದೆ ಅರಳಗುಂಡಗಿ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (೧೭೪೬–೧೮೨೨) ಹುಟ್ಟಿದ ಊರು. ಬೆಳೆದ ತೆನೆಯನ್ನು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರನ್ನೂ ಇಟ್ಟ ಒಕ್ಕಲಿಗನ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಇದೇ ಸೀಮೆಯ ಕಡಕೋಳದಲ್ಲಿ ನೆಲೆನಿಂತ ತತ್ವಪದಕಾರ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರಂಥ ಮುಸಲ್ಮಾನರೂ ಇದ್ದರು. ಇಂಥ ನೆಲದಲ್ಲಿ ನಡೆದಾಡಿ ನಮ್ಮ ಮನಸ್ಸು ಹೂವಿನಂತಾಗಿತ್ತು.

ಆ ಸಂಜೆ ನಮ್ಮ ಹುಟ್ಟೂರಿಗೆ ಬಂದೆವು. ಊರಿನ ಹೆಸರು ಬೇಡ; ಇಂಥ ಊರುಗಳು ಬಹಳ. ಅಣ್ಣನವರು ಲಿಂಗೈಕ್ಯರಾದ ಮೇಲೆ ಅತ್ತಿಗೆಯವರೊಬ್ಬರೇ ಹೊಲಮನೆ ನಡೆಸುತ್ತಿದ್ದಾರೆ. ನಮ್ಮ ಪಾಲಿನ ತೊಗರಿ ವರ್ಷಕ್ಕೊಮ್ಮೆ ಚೀಲದಲ್ಲಿ ಕಲಬುರಗಿಯ ಮನೆಗೆ ಬರುತ್ತದೆ.

ಹೊತ್ತು ಮುಳುಗುವಾಗ ಹಿತ್ತಲಿಗೆ ಒಬ್ಬ ಹೆಣ್ಣುಮಗಳು ಬಂದಳು. ಆ ದಿನದ ಕಳೆ ತೆಗೆದ ಕೂಲಿ ಒಯ್ಯಲು ಬಂದವಳು, ದಲಿತರ ಕೇರಿಯವಳು. ವಿಚಾರಿಸಿದಾಗ, ಬೇಸಗೆಯಲ್ಲಿ ಗಂಡ ಮಕ್ಕಳೊಡನೆ ಪುಣೆಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿ, ಮಳೆಗೆ ಮರಳಿದ್ದಾಗಿ ಹೇಳಿದಳು. ಹಿರಿಯ ಮಗಳ ಶಾಲೆ ಅಲ್ಲಿಗೆ ನಿಂತಿತ್ತು. ನಾವು ಮರುಗಿ ಹೇಳಿದೆವು: "ನಿಮ್ಮ ಕಷ್ಟ ನಮಗೂ ತಿಳಿಯುತ್ತದಮ್ಮ. ನಾವೂ ಬಡತನದಲ್ಲಿಯೇ ಓದಿದವರು." ಅವಳು "ಹೂಂರಿ" ಎಂದು ಸಣ್ಣಗೆ ನಕ್ಕಳು. ಬಡತನವೆಂದರೆ ನಮ್ಮದು ಹದಿನೆಂಟು ಎಕರೆ ಒಣಬೇಸಾಯದ ಬಡತನ; ಓದಿದ್ದು ಸಮಾಜದ ಪ್ರಸಾದ ನಿಲಯದ ಅನ್ನ ಉಂಡು. ಆ ಅನ್ನಕ್ಕೆ ನಮ್ಮನ್ನು ಕರೆದದ್ದು ನಮ್ಮ ಹಸಿವೊಂದೇ ಅಲ್ಲ, ನಮ್ಮ ಕುಲವೂ ಹೌದು. ಆದರೆ ಆ ಲೆಕ್ಕ ಆಗ ನಮ್ಮ ನೆನಪಿಗೆ ಬರಲಿಲ್ಲ.

ಅತ್ತಿಗೆಯವರು ಚಹಾ ತಂದರು. ಆ ಹೆಣ್ಣುಮಗಳು ಹೋಗಿ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ ಒಂದು ಲೋಟವನ್ನು ತೆಗೆದು, ತಾನೇ ತೊಳೆದು, ಮುಂದೆ ಹಿಡಿದಳು. ನಮಗೆ ಎದೆ ಧಸಕ್ಕೆಂದಿತು. ಆ ಸೂರು, ಆ ಜಾಗ ನಾವು ಬಾಲ್ಯದಿಂದ ಕಂಡದ್ದೇ. ಅಂದು ಮಣ್ಣಿನ ಕುಡಿಕೆ ಇತ್ತು, ಇಂದು ಸ್ಟೀಲಿನ ಲೋಟ ಬಂದಿದೆ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ೧೭ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ೧೯೫೫ರ ಕಾಯಿದೆ ಅದನ್ನು ಅಪರಾಧವೆಂದು ಸಾರಿದೆ. ಅದಕ್ಕೂ ಎಂಟು ಶತಮಾನ ಮೊದಲೇ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಕರೆದುಕೊಂಡಿದ್ದರು. ಬೆಳಗ್ಗೆ ಮಠದಲ್ಲಿ ವಚನ ಕೇಳಿ ಬಂದ ಬಿಸುಪು ಇನ್ನೂ ಆರಿರಲಿಲ್ಲ. ನಾವು ಎದ್ದು ಒಳಗೆ ಹೋಗಿ, ಮನೆಯ ಲೋಟವೊಂದರಲ್ಲಿ ಚಹಾ ತುಂಬಿ ತಂದು ಅವಳ ಮುಂದೆ ಹಿಡಿದೆವು.

ಅವಳು ಮುಟ್ಟಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತಿಗೆಯವರ ಮುಖವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ನೀವರ ನಾಳಿ ಹೋಗ್ತೀರಿ ಯಪ್ಪಾ. ನಾವು ಇಲ್ಲೇ ಇರೋರು."

ತನ್ನ ಲೋಟದಲ್ಲಿಯೇ ಚಹಾ ಹೊಯ್ಸಿಕೊಂಡು ಕುಡಿದು, ತೊಳೆದು, ಸೂರಿನಲ್ಲಿಟ್ಟು, ಕೂಲಿ ಎಣಿಸಿಕೊಂಡು ಹೋದಳು. ನಮ್ಮ ಕೈಯ ಲೋಟದಲ್ಲಿದ್ದ ಚಹಾ ಆರಿತು.

ಆ ರಾತ್ರಿ ಅತ್ತಿಗೆಯವರ ಮೇಲೆ ನಮಗೆ ಸಿಟ್ಟು. ಆದರೆ ಅವರು ಹೇಳಿದ್ದನ್ನೂ ಬರೆಯಬೇಕು. ಎರಡು ವರ್ಷದ ಹಿಂದೆ ಇದೇ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾದಾಗ ನಡುರಾತ್ರಿಯಲ್ಲಿ ಟ್ರ್ಯಾಕ್ಟರ್ ಹೂಡಿಸಿ ಜೇವರ್ಗಿಗೆ ಒಯ್ದವರು ಅತ್ತಿಗೆಯವರು. ಅವಳ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಳಿತವರು. "ಅವತ್ತು ನೀವು ಕಲಬುರಗ್ಯಾಗ ಇದ್ರಿ. ಒಂದಿನಾ ಬಂದು ನ್ಯಾಯಾ ಹೇಳೂದು ಹಗುರ" ಎಂದರು. ಅದೂ ನಿಜ. ಅವಳ ತಲೆ ತೊಡೆಯ ಮೇಲಿದ್ದದ್ದೂ ನಿಜ, ಅವಳ ಲೋಟ ಸೂರಿನಲ್ಲಿರುವುದೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಲೋಟ ಇರಬಾರದೆಂದು ನಾವು ಹೇಳಿಯೇ ಬಂದೆವು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ನಮ್ಮ ನಿದ್ದೆ ಕೆಡಿಸಿದ್ದು ಆ ಹೆಣ್ಣುಮಗಳ ಮಾತು. ಆ ಲೋಟ ಹಿಡಿಯುವುದು ನಮಗೆ ಒಂದು ಸತ್ಕಾರ್ಯ. ಬರೆದುಕೊಳ್ಳಲು ಯೋಗ್ಯವಾದ ಪ್ರಸಂಗ. ಅವಳಿಗೆ ಅದು ನಾಳಿನ ಕೂಲಿಯ ಪ್ರಶ್ನೆ, ಓಣಿಯಲ್ಲಿ ಹಬ್ಬುವ ಮಾತಿನ ಪ್ರಶ್ನೆ. ನಮ್ಮ ಧೈರ್ಯದ ಬೆಲೆಯನ್ನು ತೆರಬೇಕಾದವಳು ಅವಳು. ಅವಳನ್ನು ಕೇಳದೆಯೇ ಅವಳ ಪರವಾಗಿ ಧೈರ್ಯ ಮಾಡಿದ್ದೆವು. ಗಾಣಗಾಪುರದ ಜೋಳಿಗೆಯಂತೆ ಇದೂ ಒಂದು ಹೊತ್ತಿನದೇ ಆಗಿತ್ತು.

ಅನುಭವದ ಮಂಟಪ

ನಾ‌ಲ್ಕನೆಯ ದಿನ ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿಗೆ ಮರಳುವಾಗ ಒಂದು ವಿಚಾರ ಬಂತು. ಬಸವಣ್ಣನವರು ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರು, ಬಿಜ್ಜಳನ ಭಂಡಾರಿಗಳು. ಮಾದಾರನ ಬದುಕು ಅವರಿಗೆ ಹುಟ್ಟಿನಿಂದ ತಿಳಿದದ್ದಲ್ಲ. ಅಂಥವರು 'ನಿಮ್ಮ ಕಷ್ಟ ನನಗೆ ತಿಳಿದಿದೆ, ನಿಮ್ಮ ಪರವಾಗಿ ನಾನೇ ಹೇಳುತ್ತೇನೆ' ಎಂದು ಎಲ್ಲರ ವಚನಗಳನ್ನೂ ತಾವೇ ಬರೆಯಬಹುದಿತ್ತು. ಹಾಗೆ ಮಾಡಲಿಲ್ಲ. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಸೂಳೆ ಸಂಕವ್ವೆ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಇವರೆಲ್ಲರ ವಚನಗಳು ಅವರವರ ಅಂಕಿತದಲ್ಲಿಯೇ, ಅವರವರ ಕಾಯಕದ ನುಡಿಯಲ್ಲಿಯೇ ನಮಗೆ ದೊರೆತಿವೆ. ಆಯ್ದಕ್ಕಿ ಲಕ್ಕಮ್ಮನು ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬರಹೇಳಿದಾಗ ಆ ಮಾತನ್ನು ಕೇಳಿಸಿಕೊಂಡ ಕಲ್ಯಾಣವೇ ಕಲ್ಯಾಣ. ಆ ಮಂಟಪಕ್ಕೆ ಅನುಭವದ ಹೆಸರು ಬಂದದ್ದು ಯಾರೋ ಒಬ್ಬರು ಎಲ್ಲರ ಅನುಭವವನ್ನು ಬಲ್ಲರೆಂದಲ್ಲ. ತನ್ನ ಅನುಭವವನ್ನು ತಾನೇ ಹೇಳುವವರಿಗೆ ಅಲ್ಲಿ ಆಸನವಿತ್ತೆಂದು. ಉಳಿದವರ ಕೆಲಸ ಕೇಳುವುದು. ಮೇಲೆ ಕುಳಿತು ಬಂದವರಿಗೆ ಎಲ್ಲಕ್ಕಿಂತ ಕಠಿಣವಾದ ಕಾಯಕ ಅದೇ.

ನಾವು ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುತ್ತೇವೆ. ಕೊಡುವುದನ್ನು ಚೆನ್ನಾಗಿ ಕಲಿತಿದ್ದೇವೆ. ದಾಸೋಹದಲ್ಲಿ ನಮ್ಮ ಸಮಾಜವನ್ನು ಮೀರಿಸುವವರು ವಿರಳ. ಆದರೆ ದಾಸೋಹಂ ಎಂದರೆ ನಾನು ದಾಸನು ಎಂದು, ದಾನಿ ಎಂದಲ್ಲ. ದಾಸನು ಒಡೆಯನ ಮನಸ್ಸನ್ನು ತಾನು ಬಲ್ಲೆನೆಂದು ಹೇಳುವುದಿಲ್ಲ, ಕೇಳಿ ತಿಳಿಯುತ್ತಾನೆ.

ಮನೆಗೆ ಬಂದ ಮರುದಿನ ಬೆಳಗ್ಗೆ ಹಿತ್ತಲ ಬಾಗಿಲು ತೆರೆದಾಗ, ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳ ತಟ್ಟೆ ಲೋಟಗಳು ಕಿಟಕಿಯ ಹೊರಗಟ್ಟೆಯ ಮೇಲೆ ಬೋರಲಾಗಿದ್ದವು. ಹನ್ನೆರಡು ವರ್ಷಗಳಿಂದ ಅವು ಅಲ್ಲಿಯೇ ಇವೆ. ಅದನ್ನು ನಾವು ಸ್ವಚ್ಛತೆಯೆಂದು ಕರೆಯುತ್ತಿದ್ದೆವು. ಮನೆಯವರು ಏನೂ ಮಾತನಾಡದೆ ಅವುಗಳನ್ನು ಒಳಗೆ ತಂದು ಎಲ್ಲ ಪಾತ್ರೆಗಳ ಜೊತೆ ಜೋಡಿಸಿದರು. ಮೂರನೆಯ ದಿನ ನೋಡಿದರೆ ಅವು ಮತ್ತೆ ಕಿಟಕಿಯ ಹೊರಗೆ! ಇಟ್ಟವಳು ಅವಳೇ. ಈ ಸಲ ನಾವು ಲೋಟ ಹಿಡಿದು ನಿಲ್ಲಲಿಲ್ಲ. ಯಾಕಮ್ಮ ಎಂದು ಕೇಳಿ, ಉತ್ತರಕ್ಕಾಗಿ ಕಾದೆವು. ಮೊದಲ ದಿನ ಅವಳು "ರೂಢಿರಿ" ಎಂದಷ್ಟೇ ಹೇಳಿದಳು. ವಾರ ಕಳೆದ ಮೇಲೆ ತಾನಾಗಿಯೇ, ಮೊದಲು ಕೆಲಸ ಮಾಡುತ್ತಿದ್ದ ಮನೆಯೊಂದರಲ್ಲಿ ನಡೆದದ್ದನ್ನು ಹೇಳಿದಳು. ಅದು ಅವಳ ಮಾತು. ಇಲ್ಲಿ ಬರೆಯುವ ಅಧಿಕಾರ ನಮಗಿಲ್ಲ. ಹನ್ನೆರಡು ವರ್ಷಗಳಲ್ಲಿ ನಾವು ಅವಳ ಬಾಯಿಂದ ಕೇಳಿದ ಮೊದಲ ಕಥೆ ಅದು. ಈಗ ಅವಳ ಲೋಟ ಒಮ್ಮೆ ಒಳಗಿರುತ್ತದೆ, ಒಮ್ಮೆ ಹೊರಗಿರುತ್ತದೆ. ಚಹಾದ ಹೊತ್ತಿಗೆ ಮಾತ್ರ ನಮ್ಮ ಮನೆಯವರು ಅಡಿಗೆಮನೆಯಲ್ಲಿ ಅವಳ ಎದುರು ಕುಳಿತಿರುತ್ತಾರೆ.

ಈ ಕ್ಷೇತ್ರಗಳಿಗೆ ಬಂಧುಗಳು ಅವಶ್ಯವಾಗಿ ಹೋಗಬೇಕು. ಶ್ರಾವಣದಲ್ಲಿ ಭೀಮೆ ತುಂಬಿರುತ್ತಾಳೆ, ತೊಗರಿ ಹಸುರಾಗಿರುತ್ತದೆ. ಗಾಣಗಾಪುರದಲ್ಲಿ ಜೋಳಿಗೆಯನ್ನೂ ಹಿಡಿಯಬೇಕು. ಹಿಡಿದಾಗ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡಬೇಕು. ಮರಳಿ ಬಂದ ಮೇಲೆ ಹಿತ್ತಲ ಬಾಗಿಲನ್ನೂ ಒಮ್ಮೆ ತೆರೆಯಬೇಕು. ನಮ್ಮ ಯಾತ್ರೆ ಅಲ್ಲಿಂದ ಆರಂಭವಾಗಬೇಕಿತ್ತು. ಅಲ್ಲಿಗೆ ಬಂದು ನಿಂತಿದೆ.

ಶರಣು ಶರಣಾರ್ಥಿ.